ವರದಿಯ ಲೆಕ್ಕ, ಬೀಳ್ಕೊಡುಗೆಯ ಮಾತು

ವರ್ಷದ ಪಾಠಗಳು ಮುಗಿದು ಪರೀಕ್ಷೆಯ ವೇಳಾಪಟ್ಟಿ ಸೂಚನಾ ಫಲಕಕ್ಕೆ ಬರುವ ಹೊತ್ತಿಗೆ ಕಾಲೇಜುಗಳಲ್ಲಿ ಒಂದು ಸಮಾರಂಭ ತಪ್ಪದೆ ನಡೆಯುತ್ತದೆ. ಪ್ರಾರ್ಥನೆ, ಸ್ವಾಗತ, ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯ ವಾರ್ಷಿಕ ವರದಿ, ಬಹುಮಾನ ವಿತರಣೆ, ಕಡೆಯ ವರ್ಷದವರಿಗೆ ಅತಿಥಿಗಳ ಹಿತವಚನ, ವಂದನಾರ್ಪಣೆ. ವರದಿ ಓದುವಾಗ ಸಭೆ ಆಕಳಿಸುತ್ತದೆ. ಹಿತವಚನ ಲಂಬಿಸಿದರೆ ಹಿಂದಿನ ಸಾಲುಗಳು ಖಾಲಿಯಾಗುತ್ತವೆ. ಆದರೂ ಈ ಎರಡು ಕಲಾಪಗಳನ್ನು ಒಂದೇ ವೇದಿಕೆಯಲ್ಲಿ, ಒಂದರ ಹಿಂದೆ ಒಂದಾಗಿ ಇಡುವ ಪದ್ಧತಿಗೆ ಅರ್ಥವಿದೆ. ನಾವು ಏನು ಮಾಡಿದೆವು ಎಂದು ಲೆಕ್ಕ ಒಪ್ಪಿಸಿದ ಮೇಲೆ ಮಾತ್ರ ನೀವು ಏನು ಮಾಡಬೇಕು ಎಂದು ಹೇಳುವ ಅಧಿಕಾರ ಬರುತ್ತದೆ ಎಂಬುದೇ ಆ ಅರ್ಥ.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಿಗೆ ಈ ಪದ್ಧತಿ ಬರಿಯ ಶಿಷ್ಟಾಚಾರವಾಗಿರಲಿಲ್ಲ. ಅಲ್ಲಿನ ಊರುಗಳಲ್ಲಿ ಪದವಿ ಕಾಲೇಜುಗಳೇ ಇಲ್ಲದ ಕಾಲ ಬಹಳ ದಿನ ಇತ್ತು. ಹೈಸ್ಕೂಲು ದಾಟಿದ ಹುಡುಗ ಟ್ರಂಕು, ಹಾಸಿಗೆ ಕಟ್ಟಿಕೊಂಡು ಮೈಸೂರಿಗೆ ಹೊರಡಬೇಕಿತ್ತು. ಮನೆಯಲ್ಲಿ ಕಾಲೇಜು ಕಂಡವರಿಲ್ಲ. ಅರ್ಜಿ ತುಂಬುವುದು ಹೇಗೆ, ಯಾವ ವಿಷಯ ಆರಿಸಬೇಕು, ಪದವಿ ಬಂದ ಮೇಲೆ ಎಲ್ಲಿಗೆ ಹೋಗಬೇಕು ಎಂದು ಹೇಳುವವರಿಲ್ಲ. ಆ ಕೊರತೆಯನ್ನು ತುಂಬಿದ್ದು ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಗಳು ಮತ್ತು ಕಾಲೇಜಿನ ಸಂಘಗಳು. ಅಣ್ಣನ ಸ್ಥಾನದಲ್ಲಿ ನಿಂತ ಆ ಬಳಗಗಳ ಕಥೆ ನಮ್ಮ ಶಿಕ್ಷಣ ಚರಿತ್ರೆಯ ಮುಖ್ಯ ಭಾಗ.

ಗುರು ಹಾಕಿಕೊಂಡ ಷರತ್ತು

ವಿದ್ಯೆ ಮುಗಿಸಿ ಹೊರಡುವವನಿಗೆ ಬುದ್ಧಿ ಹೇಳುವ ಸಂಪ್ರದಾಯ ಬಹು ಹಳೆಯದು. ಗುರುಕುಲದಲ್ಲಿ ವ್ಯಾಸಂಗ ಮುಗಿದಾಗ ನಡೆಯುವ ಸಂಸ್ಕಾರಕ್ಕೆ ಸಮಾವರ್ತನ ಎಂದು ಹೆಸರು. ಅಂದು ವಿಧಿಪೂರ್ವಕ ಸ್ನಾನ ಮಾಡಿದವನೇ ಸ್ನಾತಕ. ಪದವೀಧರನಿಗೆ ಇಂದಿಗೂ ಉಳಿದಿರುವ ಹೆಸರು ಅದು. ಘಟಿಕೋತ್ಸವ ಎಂಬ ಮಾತೂ ಹಳೆಯ ವಿದ್ಯಾಕೇಂದ್ರಗಳಾದ ಘಟಿಕಾಸ್ಥಾನಗಳನ್ನು ನೆನಪಿಸುತ್ತದೆ. ಕದಂಬ ವಂಶದ ಮಯೂರಶರ್ಮ ವಿದ್ಯೆಗಾಗಿ ಕಂಚಿಯ ಘಟಿಕೆಗೆ ಹೋಗಿದ್ದನೆಂದು ತಾಳಗುಂದದ ಶಾಸನ ಹೇಳುತ್ತದೆ.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರು ಹೊರಡುವ ಶಿಷ್ಯನಿಗೆ ಮಾಡುವ ಉಪದೇಶ ಪ್ರಸಿದ್ಧವಾದದ್ದು. ಸತ್ಯ, ಧರ್ಮ, ತಾಯಿತಂದೆಯರ ಗೌರವ ಮುಂತಾದ ಮಾತುಗಳು ಎಲ್ಲರಿಗೂ ಗೊತ್ತು. ಅದರ ಮಧ್ಯೆ ಬರುವ ಇನ್ನೊಂದು ಮಾತಿನ ಕಡೆ ಗಮನ ಹರಿದದ್ದು ಕಡಿಮೆ. ತಮ್ಮ ನಡತೆಯಲ್ಲಿ ಒಳ್ಳೆಯದಾಗಿರುವುದನ್ನು ಮಾತ್ರ ಅನುಸರಿಸಬೇಕು, ಉಳಿದದ್ದನ್ನು ಬಿಡಬೇಕು ಎಂದು ಗುರುವೇ ಶಿಷ್ಯನಿಗೆ ಹೇಳುತ್ತಾನೆ. ಅಂದರೆ ಬುದ್ಧಿ ಹೇಳುವವನು ತನ್ನ ನಡೆಯನ್ನೂ ಶಿಷ್ಯನ ಪರಿಶೀಲನೆಗೆ ಒಡ್ಡುತ್ತಿದ್ದಾನೆ. ಇಂದಿನ ವಾರ್ಷಿಕ ವರದಿಯ ಹಿಂದೆ ಇರಬೇಕಾದ ಮನೋಭಾವವೂ ಇದೇ.

ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಆರಂಭವಾಯಿತು. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಕಣ್ಣುಗಳಾಗಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಮೊದಲ ಘಟಿಕೋತ್ಸವ ನಡೆದದ್ದು 1918ರ ಅಕ್ಟೋಬರ್ 19ರಂದು. ಕಲ್ಕತ್ತೆಯ ಸರ್ ಅಶುತೋಷ್ ಮುಖರ್ಜಿ ಬಂದು ಭಾಷಣ ಮಾಡಿದರು. ವಿಶ್ವವಿದ್ಯಾನಿಲಯ ತನ್ನ ನೂರನೆಯ ಘಟಿಕೋತ್ಸವವನ್ನು ನಡೆಸಿದ್ದೂ ಅದೇ ತಾರೀಖಿನಂದು, 2020ರಲ್ಲಿ.

ಆ 1918ರಲ್ಲೇ ಇನ್ನೊಂದು ಸಂಗತಿ ನಡೆಯಿತು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದ ಜಾತಿಗಳಿಗೆ ಸಾಕಷ್ಟು ಸ್ಥಾನ ದೊರಕುತ್ತಿಲ್ಲವೆಂಬ ದೂರನ್ನು ಪರಿಶೀಲಿಸಲು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಕವಾಯಿತು. 1919ರಲ್ಲಿ ಅದರ ವರದಿ ಬಂದಿತು. ಒಂದು ಕಡೆ ಪದವೀಧರರಿಗೆ ಉಪದೇಶ, ಇನ್ನೊಂದು ಕಡೆ ಪದವಿಯ ಬಾಗಿಲಿಗೇ ಬಾರದವರು ಎಷ್ಟು ಮಂದಿ ಎಂಬ ಲೆಕ್ಕ. ಹಳ್ಳಿಗಾಡಿನ ತಾಲ್ಲೂಕುಗಳ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಮುಖ್ಯವಾಗಿತ್ತು.

ಗ್ರೀಕ್ ಅಕ್ಷರ, ಕನ್ನಡ ಸಂಘ

ಕಾಲೇಜು ಹುಡುಗರ ಸೋದರ ಬಳಗ ಎಂದರೆ ಪ್ರಪಂಚಕ್ಕೆಲ್ಲ ನೆನಪಾಗುವುದು ಅಮೆರಿಕದ ‘ಫ್ರೆಟರ್ನಿಟಿ’ಗಳು. ಗ್ರೀಕ್ ಅಕ್ಷರಗಳ ಹೆಸರಿನ ಮೊದಲ ಸಂಘ ‘ಫೈ ಬೀಟಾ ಕಪ್ಪಾ’ 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಚರ್ಚೆ, ಪ್ರಬಂಧ ವಾಚನ, ಗೆಳೆತನ ಅದರ ಉದ್ದೇಶ. ಮುಂದೆ ಬಂದ ಇಂತಹ ಅನೇಕ ಬಳಗಗಳಿಗೆ ಸ್ವಂತ ಮನೆಗಳು, ಗುಟ್ಟಿನ ದೀಕ್ಷೆಗಳು, ಜೀವಮಾನದ ಸದಸ್ಯತ್ವ ಸೇರಿಕೊಂಡವು.

ನಮ್ಮಲ್ಲಿ ಗ್ರೀಕ್ ಅಕ್ಷರಗಳೂ ಬರಲಿಲ್ಲ, ಗುಟ್ಟೂ ಬೆಳೆಯಲಿಲ್ಲ. ಅದೇ ಕೆಲಸವನ್ನು ಇಲ್ಲಿ ಎರಡು ಸಂಸ್ಥೆಗಳು ಹಂಚಿಕೊಂಡವು. ಚರ್ಚೆ, ಸಾಹಿತ್ಯ, ಪತ್ರಿಕೆಗಳನ್ನು ಕರ್ನಾಟಕ ಸಂಘಗಳು ನೋಡಿಕೊಂಡವು. ಊಟ, ವಸತಿ, ಒಡನಾಟವನ್ನು ವಿದ್ಯಾರ್ಥಿ ನಿಲಯಗಳು ನೋಡಿಕೊಂಡವು.

ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ತ್ರೈಮಾಸಿಕವನ್ನು ಆರಂಭಿಸಿತು. ಎ.ಆರ್. ಕೃಷ್ಣಶಾಸ್ತ್ರಿಗಳು ಅದರ ಸಂಪಾದಕರು. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಒಂದು ವಿದ್ಯಾರ್ಥಿ ಸಂಘ ಕನ್ನಡದಲ್ಲಿ ವಿದ್ವತ್ ಪತ್ರಿಕೆ ಹೊರಡಿಸಿದ್ದು ಸಣ್ಣ ಸಾಹಸವಲ್ಲ. ಮುಂದೆ ಅದನ್ನು ಮೈಸೂರು ವಿಶ್ವವಿದ್ಯಾನಿಲಯವೇ ವಹಿಸಿಕೊಂಡಿತು. ಮಹಾರಾಜ ಕಾಲೇಜಿನ ಕರ್ನಾಟಕ ಸಂಘವೂ ಹೊಸ ಬರಹಗಾರರಿಗೆ ಆಸರೆಯಾಯಿತು. ವರ್ಷದ ಕೊನೆಗೆ ಕಾರ್ಯದರ್ಶಿ ಓದುವ ವರದಿಯೆಂದರೆ ಇಂತಹ ಸಂಘಗಳಿಗೆ ಜಮಾಖರ್ಚಿನ ಪಟ್ಟಿಗಿಂತ ಹೆಚ್ಚಿನದಾಗಿತ್ತು. ಎಷ್ಟು ಉಪನ್ಯಾಸಗಳು ನಡೆದವು, ಯಾವ ಪುಸ್ತಕ ಅಚ್ಚಾಯಿತು, ಯಾವ ಕೆಲಸ ಅರ್ಧಕ್ಕೆ ನಿಂತಿತು ಎಂಬುದನ್ನು ಹೊಸಬರ ಕೈಗೆ ದಾಟಿಸುವ ದಾರಿ ಅದೊಂದೇ.

ಅನ್ನದ ಲೆಕ್ಕ

ಹುಣಸೂರು ಕಡೆಯಿಂದ ಬಂದ ಬಡ ಹುಡುಗನಿಗೆ ಸಾಹಿತ್ಯಕ್ಕಿಂತ ಮೊದಲು ಬೇಕಾಗಿದ್ದು ಎರಡು ಹೊತ್ತಿನ ಊಟ. ಮೈಸೂರಿನಲ್ಲಿ ಕೆಲವರು ವಾರಾನ್ನದಿಂದ, ಅಂದರೆ ದಿನಕ್ಕೊಂದು ಮನೆಯಂತೆ ಉಂಡು ಓದಿದರು. ಆದರೆ ವಾರಾನ್ನ ಜಾತಿಯ ಗೆರೆ ದಾಟುತ್ತಿರಲಿಲ್ಲ. ಎಲ್ಲರಿಗೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಆದ್ದರಿಂದಲೇ ಬೇರೆ ಬೇರೆ ಸಮುದಾಯಗಳು ತಮ್ಮ ಮಕ್ಕಳಿಗಾಗಿ ವಿದ್ಯಾರ್ಥಿ ನಿಲಯಗಳನ್ನು ಕಟ್ಟತೊಡಗಿದವು. ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ 1905ರಲ್ಲಿ, ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿದವು. 1940ರ ದಶಕದಲ್ಲಿ ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯ ನಡೆಸಿದರು. ಜಾತಿಯ ಹೆಸರಿನ ಈ ನಿಲಯಗಳಿಗೆ ತಮ್ಮದೇ ಮಿತಿಗಳಿದ್ದವು, ಗೋಡೆಗಳೂ ಇದ್ದವು. ಆದರೂ ಒಂದು ತಲೆಮಾರಿನ ಹಳ್ಳಿ ಹುಡುಗರು ಓದಿ ಮುಂದೆ ಬಂದದ್ದು ಅವುಗಳ ಬಲದಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಹಾಸ್ಟೆಲು ಕಲಿಸಿದ ಇನ್ನೊಂದು ಪಾಠ ಲೆಕ್ಕದ್ದು. ಅನೇಕ ಹಾಸ್ಟೆಲುಗಳಲ್ಲಿ ಊಟದ ಖರ್ಚಿಗೆ ‘ಡಿವೈಡಿಂಗ್ ಸಿಸ್ಟಂ’ ಇತ್ತು. ತಿಂಗಳ ಅಕ್ಕಿ, ಬೇಳೆ, ಸೌದೆ, ಅಡುಗೆಯವರ ಸಂಬಳ ಎಲ್ಲವನ್ನೂ ಕೂಡಿ ಊಟ ಮಾಡಿದವರ ತಲೆಗೆ ಹಂಚುವುದೇ ಈ ಕ್ರಮ. ವಿದ್ಯಾರ್ಥಿಗಳೇ ಸರದಿಯ ಮೇಲೆ ಮಾರುಕಟ್ಟೆಗೆ ಹೋಗಿ ಸಾಮಾನು ತರುವರು, ರಸೀದಿ ಇಡುವರು, ತಿಂಗಳ ಕೊನೆಗೆ ಲೆಕ್ಕ ಅಂಟಿಸುವರು. ತಲಾ ಖರ್ಚು ಏರಿದರೆ ಉತ್ತರ ಹೇಳಬೇಕು. ಮುಂದೆ ಸಹಕಾರ ಸಂಘ, ಪಂಚಾಯಿತಿ, ಸರ್ಕಾರಿ ಕಚೇರಿಗಳಿಗೆ ಹೋದವರಿಗೆ ಸಾರ್ವಜನಿಕ ಹಣದ ಮೊದಲ ಪಾಠ ಇಲ್ಲಿಯೇ ಆಗುತ್ತಿತ್ತು.

ಹಿಂತಿರುಗಿದವರು

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು ಈ ದಾರಿಯಲ್ಲಿ ನಡೆದವರು. ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿದ್ದು ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಪದವಿ ಪಡೆದರು. ಆ ಕಾಲದ ಪದವೀಧರನಿಗೆ ಸರ್ಕಾರಿ ನೌಕರಿಯ ಆಸೆ ಸಹಜ. ಅರಸು ಊರಿಗೆ ಹಿಂತಿರುಗಿ ಬೇಸಾಯಕ್ಕೆ ನಿಂತರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ, 1952ರಲ್ಲಿ ಹುಣಸೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. 1974ರ ಭೂಸುಧಾರಣೆ ಕಾನೂನು ಗೇಣಿದಾರರಿಗೆ ಭೂಮಿ ಕೊಡಿಸಿತು. ಹಿಂದುಳಿದ ವರ್ಗದ ವಿದ್ಯಾರ್ಥಿ ನಿಲಯಗಳು ಬೆಳೆದವು. ನಿರುದ್ಯೋಗಿ ಪದವೀಧರರಿಗೆ ಭತ್ಯೆ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುವ ‘ಸ್ಟೈಪೆಂಡಿಯರಿ’ ಯೋಜನೆ ಬಂದಿತು. ಬೋರ್ಡಿಂಗ್ ಶಾಲೆಯ ಅನ್ನದ ಬೆಲೆ ಬಲ್ಲವರ ಆಡಳಿತದಲ್ಲಿ ಇದು ಆಶ್ಚರ್ಯವಲ್ಲ.

ಅದೇ 1974ರಲ್ಲಿ ಕುವೆಂಪು ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ ಮಾಡಿದ ಭಾಷಣ ‘ವಿಚಾರಕ್ರಾಂತಿಗೆ ಆಹ್ವಾನ’ ಎಂಬ ಹೆಸರಿನಿಂದ ಮನೆಮಾತಾಯಿತು. ಮೌಢ್ಯವನ್ನು ಬಿಟ್ಟು ಸ್ವಂತ ಬುದ್ಧಿಯಿಂದ ಯೋಚಿಸಬೇಕೆಂದು ಯುವಕರಿಗೆ ಕೊಟ್ಟ ಕರೆ ಅದು. ಆ ಮಾತಿಗೆ ತೂಕ ಬಂದದ್ದು ಹೇಳಿದವರ ಕೆಲಸದಿಂದ. 1956ರಿಂದ 1960ರವರೆಗೆ ಮೈಸೂರಿನಲ್ಲಿ ಕುಲಪತಿಯಾಗಿದ್ದಾಗ ಉನ್ನತ ಶಿಕ್ಷಣದಲ್ಲಿ ಕನ್ನಡಕ್ಕೆ ಎಡೆ ಮಾಡಿಕೊಟ್ಟ, ಮಾನಸಗಂಗೋತ್ರಿಯನ್ನು ರೂಪಿಸಿದ ಲೆಕ್ಕ ಅವರ ಹಿಂದೆ ಇತ್ತು.

ವಿದ್ಯಾರ್ಥಿ ಬಳಗವೊಂದು ತನ್ನ ಉಪದೇಶವನ್ನು ತಾನೇ ಪಾಲಿಸಿದ ಉದಾಹರಣೆ ಹೆಗ್ಗಡದೇವನಕೋಟೆಯಲ್ಲಿ ಕಾಣಸಿಗುತ್ತದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಕಂಪನಿಗಳು ವೈದ್ಯರಿಗೆ ಕೊಡುವ ಮಾದರಿ ಔಷಧಿಗಳನ್ನು ಬೇಡಿ ತಂದು ಬಡ ರೋಗಿಗಳಿಗೆ ಹಂಚುವುದು, ರಕ್ತದಾನ ಮಾಡುವುದು ಮೊದಲ ಕೆಲಸ. ಇಂತಹ ಬಳಗಗಳು ಸಾಮಾನ್ಯವಾಗಿ ಕಡೆಯ ಪರೀಕ್ಷೆಯೊಂದಿಗೆ ಚದುರಿಹೋಗುತ್ತವೆ. ಇದು ಚದುರಲಿಲ್ಲ. 1987ರಲ್ಲಿ ಅವರು ಕಾಡಂಚಿನ ಬ್ರಹ್ಮಗಿರಿಗೆ ಹೋದರು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯ ಮತ್ತು ಹುಲಿ ಯೋಜನೆಯ ಕಾರಣದಿಂದ ನೆಲೆ ಕಳೆದುಕೊಂಡ ಜೇನುಕುರುಬ, ಕಾಡುಕುರುಬ ಮತ್ತಿತರ ಗಿರಿಜನರ ನಡುವೆ ಚಿಕಿತ್ಸೆ ಆರಂಭಿಸಿದರು. ಬಳಿಕ ಕೆಂಚನಹಳ್ಳಿಯಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ, ಸರಗೂರಿನಲ್ಲಿ ದೊಡ್ಡ ಆಸ್ಪತ್ರೆ ಬೆಳೆದವು.

ಈ ಬಳಗ ಇಟ್ಟುಕೊಂಡ ಆದರ್ಶಗಳು ಸತ್ಯ, ಅಹಿಂಸೆ, ಸೇವೆ, ತ್ಯಾಗ. ಯಾವ ಸಮಾರಂಭದ ಹಿತವಚನದಲ್ಲಾದರೂ ಕೇಳಸಿಗುವ ಪದಗಳೇ ಇವು. ವ್ಯತ್ಯಾಸವೆಂದರೆ ಇಲ್ಲಿ ಅವುಗಳ ಜೊತೆಗೆ ವರ್ಷವರ್ಷವೂ ಪ್ರಕಟವಾಗುವ ವರದಿ ಇದೆ, ಹೋಗಿ ನೋಡಬಹುದಾದ ಆಸ್ಪತ್ರೆ ಇದೆ.

ಬಸ್ಸಿನಲ್ಲಿ ಬರುವ ಕಾಲೇಜು

ಈಗ ಚಿತ್ರ ಬದಲಾಗಿದೆ. ನಾಲ್ಕೂ ಪಟ್ಟಣಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಹುಣಸೂರಿನ ಕಾಲೇಜಿಗೆ ದೇವರಾಜ ಅರಸರ ಹೆಸರೇ ಇದೆ. ಮೈಸೂರಿಗೆ ಕಳಿಸಲು ಒಪ್ಪದ ಮನೆಗಳ ಹೆಣ್ಣುಮಕ್ಕಳಿಗೆ ಈ ಕಾಲೇಜುಗಳು ಬಾಗಿಲು ತೆರೆದವು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಅವರ ಬಸ್ ಖರ್ಚನ್ನೂ ಇಳಿಸಿತು. ಬೆಳಿಗ್ಗೆ ಹಳ್ಳಿಯಿಂದ ಹೊರಟು ಸಂಜೆ ಮನೆ ಸೇರಬಹುದು. ಟ್ರಂಕು ಹೊತ್ತು ಹೋಗಬೇಕಾಗಿಲ್ಲ.

ಇದು ಬಹು ದೊಡ್ಡ ಲಾಭ. ಆದರೆ ಇದರ ಜೊತೆಗೆ ಒಂದು ನಷ್ಟವೂ ಆಗಿದೆ. ಕಡೆಯ ಪಾಠ ಮುಗಿಯುತ್ತಲೇ ಬಸ್ಸಿಗೆ ಓಡಬೇಕಾದ ವಿದ್ಯಾರ್ಥಿಗೆ ಸಂಘದ ಸಭೆಗೆ ಕೂರುವ ಪುರುಸೊತ್ತು ಎಲ್ಲಿ? ರಾತ್ರಿ ಊಟದ ಮೇಲೆ ಹಿರಿಯರ ಕೋಣೆಗೆ ಹೋಗಿ ಅನುಮಾನ ಕೇಳುವ ಅವಕಾಶ ಎಲ್ಲಿ? ಮನೆಯಲ್ಲಿ ಮೊದಲನೆಯವರಾಗಿ ಪದವಿ ಪಡೆಯುವವರು ಈ ತಾಲ್ಲೂಕುಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಬೇಕಾಗುವ ಸಲಹೆ ಬಹುಪಾಲು ಸಣ್ಣ ಸಣ್ಣ ಸಂಗತಿಗಳದು. ವಿದ್ಯಾರ್ಥಿ ವೇತನದ ಅರ್ಜಿಗೆ ಕಡೆಯ ದಿನ ಯಾವುದು, ಬಿ.ಇಡಿ. ಒಳ್ಳೆಯದೋ ಎಂ.ಎ. ಒಳ್ಳೆಯದೋ, ಸ್ಪರ್ಧಾತ್ಮಕ ಪರೀಕ್ಷೆಗೆ ಎಷ್ಟು ವರ್ಷ ಕಾಯಬಹುದು, ಹೊಗೆಸೊಪ್ಪಿನ ಬೇಸಾಯದ ಸಾಲವಿರುವ ಮನೆಗೆ ಅಷ್ಟು ಕಾಲ ತಾಳುವ ಶಕ್ತಿ ಇದೆಯೋ ಎಂಬಂತಹವು. ಇವಕ್ಕೆ ಉತ್ತರ ಅತಿಥಿಗಳ ಭಾಷಣದಲ್ಲಿ ಸಿಗುವುದಿಲ್ಲ. ಎರಡು ವರ್ಷ ಮುಂಚೆ ಅದೇ ಬಸ್ಸಿನಲ್ಲಿ ಓಡಾಡಿದವರಿಂದ ಸಿಗುತ್ತದೆ.

ಆದ್ದರಿಂದ ವರ್ಷಾಂತ್ಯದ ವರದಿಗೆ ಒಂದು ಅಧ್ಯಾಯ ಸೇರಿಸುವುದು ಉಪಯುಕ್ತ. ಹಿಂದಿನ ವರ್ಷ ಹೊರಹೋದವರು ಈಗ ಎಲ್ಲಿದ್ದಾರೆ, ಎಷ್ಟು ಮಂದಿ ಮುಂದೆ ಓದುತ್ತಿದ್ದಾರೆ, ಎಷ್ಟು ಮಂದಿಗೆ ಕೆಲಸ ಸಿಕ್ಕಿದೆ, ಎಷ್ಟು ಮಂದಿ ಮನೆಯಲ್ಲಿ ಉಳಿದಿದ್ದಾರೆ, ಏಕೆ ಎಂಬುದೇ ಆ ಅಧ್ಯಾಯ. ಹಳೆಯ ವಿದ್ಯಾರ್ಥಿಗಳ ಸಂಘ ಇದನ್ನು ಕಲೆಹಾಕಬಹುದು. ಕೇಳಲು ಹಿತವಾಗಿರದ ಅಂಕಿಗಳೂ ಅದರಲ್ಲಿ ಬರುತ್ತವೆ, ಬರಬೇಕು. ಅದನ್ನು ಓದಿದ ಮೇಲೆ ಹೇಳುವ ಬುದ್ಧಿಮಾತು ಚಿಕ್ಕದಾಗಿದ್ದರೂ ಸಾಕು, ಹಿಂದಿನ ಸಾಲಿನವರು ಎದ್ದು ಹೋಗಲಾರರು.