ಅತಿಥಿ ನಕ್ಷತ್ರದ ಅವಶೇಷ

ಕ್ರಿ. ಶ. 1054ನೆಯ ಇಸವಿ ಜುಲೈ 4ನೆಯ ದಿನ ಚೀನಾದೇಶದ ಸುಂಗ್ ಅರಸರ ಆಸ್ಥಾನದ ಖಗೋಳವೀಕ್ಷಕರು ವೃಷಭರಾಶಿಯಲ್ಲಿ ಅದುವರೆಗೆ ಕಾಣದಿದ್ದ ನಕ್ಷತ್ರವೊಂದನ್ನು ಕಂಡು, ‘ಅತಿಥಿ ನಕ್ಷತ್ರ’ವೆಂದು ಬರೆದಿಟ್ಟರು. ಆ ಅತಿಥಿಯು 23 ದಿನಗಳ ವರೆಗೆ ಹಗಲಿನಲ್ಲಿಯೂ ಗೋಚರಿಸುತ್ತಿದ್ದು, 1056ರಲ್ಲಿ ಕಣ್ಮರೆಯಾಯಿತು.

1731ರಲ್ಲಿ ಜಾನ್ ಬೆವಿಸ್ ಎಂಬ ಆಂಗ್ಲ ವೈದ್ಯನು ಅದೇ ಎಡೆಯಲ್ಲಿ ಮಸುಕಾದ ಮೇಘದಂತಹ ವಸ್ತುವನ್ನು ದೂರದರ್ಶಕದಿಂದ ಕಂಡನು. ಇದೇ ಈಗ ಏಡಿ ನೀಹಾರಿಕೆಯೆಂದು ಪ್ರಸಿದ್ಧವಾಗಿದೆ. 1921ರಲ್ಲಿ ಜಾನ್ ಡಂಕನ್ನನು ಹಳೆಯ ಮತ್ತು ಹೊಸ ಛಾಯಾಚಿತ್ರಗಳನ್ನು ಹೋಲಿಸಿ, ಅದು ಹಿಗ್ಗುತ್ತಿರುವುದೆಂದು ತೋರಿಸಿದನು. 1928ರಲ್ಲಿ ಹಬಲನು ಅದನ್ನು 1054ರ ಅತಿಥಿಯೊಡನೆ ಸಂಬಂಧಿಸಿದನು.

ಆದರೆ ಇಲ್ಲಿಯೇ ಒಂದು ತೊಡಕು ತಲೆದೋರಿತು. ಇಂದಿನ ವೇಗವನ್ನು ಹಿಡಿದು ಹಿಂದಕ್ಕೆ ಗಣಿಸುತ್ತ ಹೋದರೆ, ಸ್ಫೋಟದ ಕಾಲವು ಸುಮಾರು 1140 ಎಂದು 1968ರಲ್ಲಿ ವರ್ಜೀನಿಯಾ ಟ್ರಿಂಬಲ್ ಎಂಬ ವಿದುಷಿಯು ಕಂಡಳು. ಹಾಗಾದರೆ ಚೀನೀ ಲೇಖಕರ ಬರಹವು ಸುಳ್ಳೋ, ಗಣಿತವು ಸುಳ್ಳೋ? ಎರಡೂ ಸುಳ್ಳಲ್ಲ. ವೇಗವು ಮೊದಲಿನಿಂದಲೂ ಒಂದೇ ಆಗಿದ್ದಿತೆಂಬ ನಮ್ಮ ಊಹೆಯೇ ತಪ್ಪು. ಒಳಗಿನಿಂದ ಯಾವುದೋ ಶಕ್ತಿಯು ಆ ಮೇಘವನ್ನು ನೂಕುತ್ತಲೇ ಬಂದಿರಬೇಕು.

ಆ ಶಕ್ತಿಯ ಮೂಲವು ಅದೇ 1968ರಲ್ಲಿ ದೊರೆಯಿತು. ನೀಹಾರಿಕೆಯ ನಡುವೆ ಸೆಕೆಂಡಿಗೆ 30 ಸುತ್ತು ತಿರುಗುವ ಪಲ್ಸಾರ್ ಒಂದು ಪತ್ತೆಯಾಯಿತು. ಸತ್ತ ನಕ್ಷತ್ರದ ಈ ಗರ್ಭವು ಸುಮಾರು 20 ಕಿಲೋಮೀಟರ್ ಅಗಲದ್ದಾದರೂ, ಅದರ ತಿರುಗಾಟವು ದಿನೇ ದಿನೇ ನಿಧಾನವಾಗುತ್ತಿದೆ. ಹೀಗೆ ಅದು ಕಳೆದುಕೊಳ್ಳುವ ಶಕ್ತಿಯು ಸೂರ್ಯನ ತೇಜಸ್ಸಿನ ಲಕ್ಷ ಪಾಲಿಗೂ ಮಿಗಿಲು. ನೀಹಾರಿಕೆಯ ಪ್ರಭೆಗೆ ಇಷ್ಟು ಸಾಕೆಂದು ಥಾಮಸ್ ಗೋಲ್ಡನು ತೋರಿಸಿದನು.

ಈ ಶಕ್ತಿಯು ಹೊರಬೀಳುವುದು ಗಾಳಿಯ ರೂಪದಲ್ಲಿ. ಬೆಳಕಿನದಕ್ಕೆ ಸಮೀಪವಾದ ವೇಗದಿಂದ ಓಡುವ ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳ ಪ್ರವಾಹವೇ ಅದು. ಬಚ್ಚಲ ಕಲ್ಲಿನ ಮೇಲೆ ಧಾರೆಯಾಗಿ ಬಿದ್ದ ನೀರು ತೆಳುವಾಗಿ ಹರಡಿ, ಒಂದು ವರ್ತುಲದಲ್ಲಿ ಥಟ್ಟನೆ ನಿಧಾನಗೊಂಡು ದಪ್ಪವಾಗುವುದನ್ನು ವಾಚಕರು ನೋಡಿರಬಹುದು. ಅದರಂತೆಯೇ ಈ ಗಾಳಿಯೂ ಸ್ವಲ್ಪ ದೂರ ಸಾಗಿ, ಆಘಾತದಿಂದ ವೇಗವನ್ನು ಕಳೆದುಕೊಂಡು, ಕಾಂತಕ್ಷೇತ್ರದಲ್ಲಿ ಸುತ್ತುತ್ತ ನೀಲಪ್ರಭೆಯನ್ನು ಬೀರುತ್ತದೆ. 1999ರಲ್ಲಿ ಅಂತರಿಕ್ಷಕ್ಕೇರಿದ ಚಂದ್ರಾ ದೂರದರ್ಶಕವು ಆ ವರ್ತುಲದ ಚಿತ್ರವನ್ನೇ ತೆಗೆಯಿತು. ಹಾಗೆ ತುಂಬಿಕೊಂಡ ಗಾಳಿಯು ಸ್ಫೋಟದಲ್ಲಿ ಸಿಡಿದ ದ್ರವ್ಯವನ್ನು ಹೊರಕ್ಕೆ ಒತ್ತುತ್ತದೆ. ಭಾರವಾದ ದ್ರವ್ಯವು ಹಗುರವಾದ ಗಾಳಿಗೆ ಪೂರ್ತಿ ಮಣಿಯದೆ, ಬೆರಳುಗಳಂತೆ ಒಳಚಾಚಿ ನಿಲ್ಲುತ್ತದೆ.

ಹೀಗೆ ಗಣಿತಕ್ಕೂ ಬರಹಕ್ಕೂ ಇದ್ದ ಸುಮಾರು 86 ವರ್ಷಗಳ ಅಂತರವು ಈ ಗಾಳಿಯ ನೂಕಿಗೆ ಸಾಕ್ಷಿಯಾಯಿತು. ಆ ವೀಕ್ಷಕರು ಕಂಡುದನ್ನು ಕಂಡಂತೆ ದಿನಾಂಕಸಹಿತವಾಗಿ ಬರೆದಿಡದಿದ್ದರೆ, ಈ ಸಾಕ್ಷ್ಯವು ನಮಗೆ ದೊರೆಯುತ್ತಿರಲಿಲ್ಲ.