ಎಷ್ಟು ಪರ್ಸೆಂಟ್ ಅನ್ನೋದು ಆಮೇಲೆ: ಅಫಿಲಿಯೇಟ್ ಮಾರ್ಕೆಟಿಂಗ್ ನಡೆದುಬಂದ ದಾರಿ

ಇವತ್ತಿನ ಚರಿತ್ರೆಯನ್ನ ಒಂದು ಹೂವಿನ ಅಂಗಡಿಯಿಂದ ಶುರು ಮಾಡೋಣ.

1989ನೇ ಇಸವಿ. ವೆಬ್ ಇನ್ನೂ ಜನರ ಕೈಗೆ ಬಂದಿರಲಿಲ್ಲ. ಅಮೆರಿಕದಲ್ಲಿ ಪ್ರಾಡಿಜಿ ಅಂತ ಒಂದು ಆನ್‌ಲೈನ್ ಸೇವೆ ಇತ್ತು, ಐಬಿಎಂ ಮತ್ತು ಸಿಯರ್ಸ್ ಕಂಪನಿಗಳು ಸೇರಿ ನಡೆಸುತ್ತಿದ್ದದ್ದು. ಮನೆಯ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಿದರೆ ಸುದ್ದಿ, ಹವಾಮಾನ, ಶಾಪಿಂಗ್ ಎಲ್ಲ ಪರದೆ ಮೇಲೆ ಬರೋದು. ಅಲ್ಲಿ ವಿಲಿಯಂ ಟೋಬಿನ್ ಎಂಬುವರು ಪಿಸಿ ಫ್ಲವರ್ಸ್ ಅನ್ನೋ ಅಂಗಡಿ ತೆರೆದರು. ಮಾರಾಟವಾದ ಹೂವಿನ ಮೇಲೆ ಪ್ರಾಡಿಜಿಗೆ ಕಮಿಷನ್ ಕೊಡೋ ಪದ್ಧತಿ ತಂದರು.

ಇದರಲ್ಲಿ ಹೊಸದೇನಿದೆ, ನಮ್ಮೂರ ಮಂಡಿಯ ದಲ್ಲಾಳಿ ಮಾಡೋದೂ ಇದನ್ನೇ ಅಲ್ವಾ ಅಂತ ನೀವು ಕೇಳಬಹುದು. ನಿಜ, ಲೆಕ್ಕ ಹಳೆಯದೇ. ಜಾಹೀರಾತಿಗೆ ಮೊದಲೇ ದುಡ್ಡು ಸುರಿಯೋ ಶಕ್ತಿ ಇಲ್ಲದ ಸಣ್ಣ ವ್ಯಾಪಾರಿಗೆ, ಮಾಲು ಹೋದಮೇಲೆ ಪಾಲು ಕೊಡೋದು ಯಾವ ಕಾಲದಲ್ಲೂ ಸುಲಭ. ಆದರೆ ಮಂಡಿಯಲ್ಲಿ ಎಲ್ಲ ಕಣ್ಣೆದುರಿಗೇ ನಡೆಯುತ್ತೆ: ಮೂಟೆ, ತಕ್ಕಡಿ, ಚೀಟಿ. ವೆಬ್‌ನಲ್ಲಿ ತಕ್ಕಡಿ ಕಾಣೋದಿಲ್ಲ. ಗಿರಾಕಿಯನ್ನ ಯಾರು ಕರೆತಂದರು ಅನ್ನೋದನ್ನ ಹೇಗೆ ಎಣಿಸೋದು? ಈ ಉದ್ಯಮದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತವೇ ತಿರುಗಿದೆ.

1994ರಲ್ಲಿ ಎರಡು ಸಂಗತಿ ನಡೆದವು. ನೆಟ್‌ಸ್ಕೇಪ್‌ನ ಎಂಜಿನಿಯರ್ ಲೂ ಮಾಂಟುಲಿ ಕುಕಿ ಕಂಡುಹಿಡಿದರು. ಗಿರಾಕಿ ಬುಟ್ಟಿಗೆ ಏನು ಹಾಕಿದ ಅಂತ ನೆನಪಿಡೋಕೆ ಬಂದ ಸಣ್ಣ ಗುರುತು ಅದು. ಮುಂದೆ ಅದೇ ಕಮಿಷನ್ ಲೆಕ್ಕದ ಪುಸ್ತಕವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಸಿಡಿನೌ ಅನ್ನೋ ಅಂಗಡಿ 'ಬೈವೆಬ್' ಯೋಜನೆ ತಂತು. ಪೆನ್ಸಿಲ್ವೇನಿಯಾದಲ್ಲಿ ಆಲಿಮ್ ಅವಳಿ ಸೋದರರು ಅಪ್ಪ-ಅಮ್ಮನ ಮನೆಯ ನೆಲಮಾಳಿಗೆಯಲ್ಲಿ ಶುರು ಮಾಡಿದ್ದ ವ್ಯಾಪಾರ. ಸಂಗೀತದ ಬಗ್ಗೆ ಬರೆಯೋರು ತಮ್ಮ ಪುಟದಿಂದ ಆಲ್ಬಮ್‌ಗೆ ಲಿಂಕ್ ಕೊಟ್ಟು, ಸಿಡಿ ಮಾರಾಟವಾದರೆ ಅವರಿಗೂ ಪಾಲು.

1996ರ ಜುಲೈನಲ್ಲಿ ಅಮೆಜಾನ್ ತನ್ನ 'ಅಸೋಸಿಯೇಟ್ಸ್' ಯೋಜನೆ ಶುರು ಮಾಡಿತು. ಆಗ ಅದು ಒಂದು ವರ್ಷದ ಕೂಸು, ಬರೀ ಪುಸ್ತಕದಂಗಡಿ. ಅಂದರೆ ಈ ಪದ್ಧತಿಯನ್ನ ಕಟ್ಟಿದ್ದು ಸಣ್ಣ ಅಂಗಡಿಗಳೇ. ಟೋಬಿನ್ 1996ರ ಜನವರಿಯಲ್ಲೇ ಪೇಟೆಂಟ್‌ಗೆ ಅರ್ಜಿ ಹಾಕಿದ್ದರೂ ಅದು ಕೈಗೆ ಬಂದದ್ದು 2000ದ ಅಕ್ಟೋಬರ್‌ನಲ್ಲಿ. ಅಮೆಜಾನ್‌ಗೆ ತನ್ನ ಪೇಟೆಂಟ್ ಅದೇ ವರ್ಷ ಫೆಬ್ರವರಿಯಲ್ಲೇ ಸಿಕ್ಕಿತ್ತು!

ಅಷ್ಟರಲ್ಲಿ ಲಿಂಕ್‌ಶೇರ್ (1996), ಕಮಿಷನ್ ಜಂಕ್ಷನ್ (1998) ಅನ್ನೋ ಕಂಪನಿಗಳು ಹುಟ್ಟಿದವು. ಇವರು ಮಾರೋರೂ ಅಲ್ಲ, ಗಿರಾಕಿ ತರೋರೂ ಅಲ್ಲ. ನಡುವೆ ಕೂತು ಎಣಿಸೋದು, ದುಡ್ಡು ಹಂಚೋದು ಇವರ ಕೆಲಸ. ಎಣಿಕೆಯ ಮೇಲಿನ ನಂಬಿಕೆಗೇ ಒಂದು ಬೆಲೆ ಬಂತು ನೋಡಿ.

ಆ ನಂಬಿಕೆ ಮುರಿದರೆ ಏನಾಗುತ್ತೆ ಅನ್ನೋದಕ್ಕೆ ಇಬೇ ಪ್ರಕರಣ ಸಾಕು. ಅದರ ಅತಿ ದೊಡ್ಡ ಅಫಿಲಿಯೇಟ್ ಒಬ್ಬರಿಗೆ ಕೆಲವೇ ವರ್ಷಗಳಲ್ಲಿ ಸುಮಾರು 2.8 ಕೋಟಿ ಡಾಲರ್ ಕಮಿಷನ್ ಹೋಗಿತ್ತು. ಆರೋಪ ಏನಂದರೆ, ಜನ ಲಿಂಕ್ ಒತ್ತದೇ ಇದ್ದರೂ ಅವರ ಬ್ರೌಸರ್‌ಗೆ ಕುಕಿ ತುರುಕೋದು. ಆಮೇಲೆ ಅವರು ತಾವಾಗಿಯೇ ಇಬೇಗೆ ಹೋಗಿ ಏನಾದರೂ ಕೊಂಡರೆ, ನಾನೇ ಕಳಿಸಿದ್ದು ಅಂತ ಲೆಕ್ಕ ತೋರಿಸೋದು. 2008ರಲ್ಲಿ ಇಬೇ ದಾವೆ ಹಾಕಿತು. 2014ರಲ್ಲಿ ಇಂಥ ಇಬ್ಬರಿಗೆ ಜೈಲಾಯಿತು, ಒಬ್ಬರಿಗೆ 5 ತಿಂಗಳು, ಇನ್ನೊಬ್ಬರಿಗೆ 15 ತಿಂಗಳು.

ಪೆಟ್ಟು ಇನ್ನೊಂದು ಕಡೆಯಿಂದಲೂ ಬೀಳುತ್ತೆ. 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ದರ ಇಳಿಸಿತು. ಪೀಠೋಪಕರಣಕ್ಕೆ ಶೇ. 8 ಇದ್ದದ್ದು 3 ಆಯಿತು, ದಿನಸಿಗೆ 5 ಇದ್ದದ್ದು 1 ಆಯಿತು. ಲಾಕ್‌ಡೌನ್ ಸಮಯ ಬೇರೆ. ಅದನ್ನೇ ನಂಬಿ ಸಂಸಾರ ನಡೆಸ್ತಿದ್ದವರಿಗೆ ಸಿಕ್ಕ ಮುನ್ಸೂಚನೆ ಒಂದೇ ವಾರ.

ಈಗ ನಮ್ಮ ಪುಣೆಗೆ ಬರೋಣ. ಹಿಂಜವಡಿಯಲ್ಲಿ ಕೆಲಸ ಮಾಡೋ ನನ್ನ ಗೆಳೆಯನ ಹೆಂಡತಿ, ಧಾರವಾಡದ ಕಡೆಯವರು, ನಾನು ವೈನಿ ಅಂತಲೇ ಕರೆಯೋದು. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಕಡಕ್ ರೊಟ್ಟಿ ಮಾಡಿ ಮಾರ್ತಾರೆ. ಸೊಸೈಟಿಯ ಹೆಂಗಸರು ವಾಟ್ಸಾಪ್‌ನಲ್ಲಿ ಹೇಳಿ ಹೇಳಿ ಆರ್ಡರ್ ತರ್ತಾರೆ. "ಇವ್ರಿಗೆ ಎಷ್ಟ್ ಪರ್ಸೆಂಟ್ ಕೊಡ್ಲಿ, ಹೇಳ್ರಿ" ಅಂದ್ರು. "ವೈನಿ, ಅದು ಕೊನೇ ಪ್ರಶ್ನೆ" ಅಂದೆ.

ಮೊದಲನೇದು, ಎಣಿಕೆ ಇಬ್ಬರಿಗೂ ಕಾಣಬೇಕು. ಸಣ್ಣ ವ್ಯಾಪಾರಕ್ಕೆ ಕುಕಿಗಿಂತ ಒಬ್ಬೊಬ್ಬರಿಗೂ ಒಂದೊಂದು ಕೂಪನ್ ಕೋಡ್ ಒಳ್ಳೇದು. ಗಿರಾಕಿ ತಾನೇ ಟೈಪ್ ಮಾಡೋದರಿಂದ ಅದೇ ಚೀಟಿ ಇದ್ದ ಹಾಗೆ. ಕೋಡ್ ಹಂಚಿದವರ ಜೊತೆ ಆ ಪಟ್ಟಿಯನ್ನ ತಿಂಗಳಿಗೊಮ್ಮೆ ಹಂಚಿಕೊಳ್ಳಿ.

ಎರಡನೇದು, ಸೋಮವಾರ ಒಬ್ಬರು ಹೇಳಿ, ಗುರುವಾರ ಇನ್ನೊಬ್ಬರು ಕೋಡ್ ಕೊಟ್ಟು, ಗಿರಾಕಿ ಶುಕ್ರವಾರ ಕೊಂಡರೆ ಪಾಲು ಯಾರಿಗೆ? ಯಾವ ಉತ್ತರವಾದರೂ ಸರಿ, ಮೊದಲೇ ಬರೆದಿಡಿ. ಇಲ್ಲದಿದ್ದರೆ ಹೋಗೋದು ಮೂವತ್ತು ರೂಪಾಯಿ ಅಲ್ಲ, ನೆರೆಹೊರೆ.

ಮೂರನೇದು, ಮಾಲು ವಾಪಸ್ ಬರೋ ಗಡುವು ಮುಗಿದಮೇಲೆ ಕಮಿಷನ್ ಕೊಡಿ. ದರ ಬದಲಿಸೋದಾದರೆ ಎಷ್ಟು ದಿನ ಮುಂಚೆ ತಿಳಿಸ್ತೀರಿ ಅಂತ ಈಗಲೇ ಮಾತು ಕೊಡಿ.

ನಾಲ್ಕನೇದು, ಕಮಿಷನ್ ಸಿಗುತ್ತೆ ಅನ್ನೋದನ್ನ ಹೇಳಿಯೇ ಶಿಫಾರಸು ಮಾಡಲಿ. ಅಮೆರಿಕದ ಎಫ್‌ಟಿಸಿ 2009ರಲ್ಲೇ ಇದನ್ನ ಹೇಳಿತ್ತು. ಭಾರತದಲ್ಲೂ 2021ರಲ್ಲಿ ಜಾಹೀರಾತು ಮಾನದಂಡ ಮಂಡಳಿ ಎಎಸ್‌ಸಿಐ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ತಂದಿದೆ.

ಇಷ್ಟಾದಮೇಲೆ ಪರ್ಸೆಂಟ್. 300 ರೂಪಾಯಿ ಪ್ಯಾಕೆಟ್‌ಗೆ ಶೇ. 10 ಅಂದರೆ 30 ರೂಪಾಯಿ, ಕೇಳೋಕೆ ಸಣ್ಣದು. ಆದರೆ ಸಾಮಾನು, ಪ್ಯಾಕಿಂಗ್, ಕೊರಿಯರ್ ಎಲ್ಲ ಕಳೆದು ಉಳಿಯೋದು 90 ಅಂತಿಟ್ಟುಕೊಳ್ಳಿ, ಲಾಭದಲ್ಲಿ ಮೂರನೇ ಒಂದು ಭಾಗ ಹೋಯ್ತು. ಹಾಗಾಗಿ ದರವನ್ನ ಬೆಲೆ ನೋಡಿ ಇಡಬೇಡಿ, ಉಳಿಯೋ ದುಡ್ಡು ನೋಡಿ ಇಡಿ.

ವೈನಿ ಸದ್ಯಕ್ಕೆ ಶೇ. 6 ಇಟ್ಟಿದ್ದಾರೆ, ಜೊತೆಗೆ ಒಂದು ಪುಟದ ನಿಯಮ. ನೀವೂ ಏನಾದರೂ ಮಾರ್ತಿದ್ದರೆ, ಆ ಒಂದು ಪುಟವನ್ನ ಈ ವಾರ ಬರೆದುಬಿಡಿ. ಮತ್ತೆ ಸಿಗೋಣ.