ಗುಜರಿಗೆ ಬಂದ ಡ್ರಮ್ಮಿನ ವಂಶಾವಳಿ

ಶಿವಾಜಿನಗರದ ಗುಜರಿಯಲ್ಲಿ ಹಳೆಯ ವಾಹನಗಳ ಬಿಡಿಭಾಗಗಳ ರಾಶಿಯ ನಡುವೆ ಅಪರೂಪಕ್ಕೊಮ್ಮೆ ಡ್ರಮ್ಮೊಂದು ತಲೆಯೆತ್ತುತ್ತದೆ. ಮಾರುವವನಿಗೆ ಅದು ಇಷ್ಟು ಕೆ.ಜಿ. ಕಬ್ಬಿಣ, ಇಷ್ಟು ಕೆ.ಜಿ. ಕಂಚು. ಕೊಳ್ಳಲು ಬಂದ ಬ್ಯಾಂಡ್‌ಸೆಟ್ಟಿನ ಹುಡುಗನಿಗೆ ಅದು ಬರುವ ಮದುವೆ ಸೀಸನ್ನಿನ ಸಂಪಾದನೆ. ಇವರಿಬ್ಬರ ನಡುವೆ ಬೆಲೆ ಕುದುರುವುದು ಹೆಚ್ಚಾಗಿ ಹೊಳಪನ್ನು ನೋಡಿ. ಹೊಳಪು ನೋಡಿ ಕೊಂಡವನು ಕೈ ಸುಟ್ಟುಕೊಳ್ಳುತ್ತಾನೆ. ಹಳೆಯ ಡ್ರಮ್‌ಸೆಟ್ಟನ್ನು ಕಡಿಮೆ ಹಣದಲ್ಲಿ ಕೊಳ್ಳಬೇಕಾದರೆ ಅದು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂಬುದನ್ನು ಓದಲು ಬರಬೇಕು. ಬೆಂಗಳೂರಿನಲ್ಲಿ ಆ ಓದು ದಂಡು ಪ್ರದೇಶದ ಚರಿತ್ರೆಯ ಓದೂ ಹೌದು.

ಡ್ರಮ್‌ಸೆಟ್ ಅಪ್ಪಟ ಪಾಶ್ಚಾತ್ಯ ವಾದ್ಯವೆಂಬುದು ನಮ್ಮ ತಿಳಿವಳಿಕೆ. ಆದರೆ ಅದರ ಅರ್ಧ ವಂಶ ಇಸ್ತಾಂಬುಲಿನದು. ಉಸ್ಮಾನಿಯಾ ಸುಲ್ತಾನರ ಸೇನೆಯೊಂದಿಗೆ ‘ಮೆಹ್ತರ್’ ಎಂಬ ವಾದ್ಯಮೇಳ ಸಾಗುತ್ತಿತ್ತು. ದೊಡ್ಡ ಡೋಲು, ನಗಾರಿ, ಕಂಚಿನ ತಾಳ, ಶಹನಾಯಿಯ ಬಳಗಕ್ಕೆ ಸೇರಿದ ಝುರ್ನಾ ಅದರಲ್ಲಿದ್ದವು. 18ನೇ ಶತಮಾನದಲ್ಲಿ ಯುರೋಪಿನ ಅರಸರು ಈ ಮೇಳಕ್ಕೆ ಮನಸೋತು ತಮ್ಮ ಸೇನಾ ಬ್ಯಾಂಡುಗಳಿಗೂ ಬೇಸ್ ಡ್ರಮ್ಮನ್ನು, ಸಿಂಬಲನ್ನು ಸೇರಿಸಿಕೊಂಡರು. ಸಿಂಬಲ್ ತಯಾರಿಕೆಯಲ್ಲಿ ಜಗತ್ಪ್ರಸಿದ್ಧವಾದ ಝಿಲ್ಜಿಯನ್ ಮನೆತನದ ಮೂಲಪುರುಷ ಅವೆದಿಸ್, ಇಸ್ತಾಂಬುಲಿನ ಒಬ್ಬ ಅರ್ಮೇನಿಯನ್ ಕ್ರೈಸ್ತ. ಅವನ ತಾಳದ ನಾದಕ್ಕೆ ಮೆಚ್ಚಿ ಸುಲ್ತಾನನೇ ಈ ಹೆಸರನ್ನು ದಯಪಾಲಿಸಿದನೆಂದು ಮನೆತನದವರು ಹೇಳುತ್ತಾರೆ. ಕಂಪೆನಿ ತನ್ನ ಹುಟ್ಟನ್ನು 1623ರಿಂದ ಎಣಿಸುತ್ತದೆ. ತುರ್ಕಿ ಭಾಷೆಯಲ್ಲಿ ‘ಝಿಲ್’ ಎಂದರೆ ತಾಳ. ನಮ್ಮ ಕನ್ನಡದ ‘ನಗಾರಿ’ ಕೂಡ ಅರಬ್ಬಿಯ ‘ನಕ್ಕಾರಾ’ದಿಂದ ಬಂದದ್ದು. ವಾದ್ಯಗಳ ಜಾತಿ ಕೇಳುವವರಿಗೆ ಇಲ್ಲಿ ಉತ್ತರ ಸಿಗುವುದು ಕಷ್ಟ.

ಇದೆಲ್ಲವನ್ನೂ ಒಬ್ಬನೇ ಕುಳಿತು ಬಾರಿಸುವಂತಾದದ್ದು ಅಮೆರಿಕದಲ್ಲಿ. 1909ರಲ್ಲಿ ಲುಡ್ವಿಗ್ ಸೋದರರು ಕಾಲಿನಿಂದ ಒತ್ತುವ ಪೆಡಲನ್ನು ಪೇಟೆಗೆ ತಂದ ಮೇಲೆ ಆ ಪದ್ಧತಿ ಗಟ್ಟಿಯಾಯಿತು.

ನಮ್ಮ ಊರಿಗೆ ಈ ವಾದ್ಯಗಳು ಬಂದದ್ದು ಪಲ್ಟನ್ನುಗಳ ಜೊತೆ. ಬೆಂಗಳೂರಿನಲ್ಲಿ ದಂಡು ನೆಲೆಯೂರಿದ್ದು 1809ರಲ್ಲಿ. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡ್ ಇಂದಿಗೂ ಆ ಕಾಲದ ಸಾಕ್ಷಿಯಾಗಿ ನಿಂತಿದೆ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಕೇಂದ್ರಕ್ಕೆ ಈಗಲೂ ತನ್ನದೇ ಬ್ಯಾಂಡ್ ಇದೆ. ಪರೇಡಿನ ಡ್ರಮ್ಮಿನ ಬೆನ್ನಿಗೇ ಕ್ಲಬ್ಬುಗಳ ಡಾನ್ಸ್ ಬ್ಯಾಂಡುಗಳು ಬಂದವು. ಅವುಗಳಲ್ಲಿ ಬಾರಿಸಿದವರಲ್ಲಿ ಆಂಗ್ಲೋ ಇಂಡಿಯನ್ನರು ಬಹಳ. 1947ರ ಜುಲೈನಲ್ಲಿ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮತ್ತೆ ಮೈಸೂರು ಸಂಸ್ಥಾನದ ಕೈ ಸೇರಿತು. ಬ್ರಿಟಿಷ್ ಪಡೆಗಳು ಹೊರಟವು; ಮುಂದಿನ ದಶಕಗಳಲ್ಲಿ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದವು. ಹಡಗು ಹತ್ತುವವರು ಒಡವೆ ಒಯ್ಯುತ್ತಾರೆ, 22 ಅಂಗುಲದ ಬೇಸ್ ಡ್ರಮ್ಮನ್ನು ಯಾರು ಹೊರುತ್ತಾರೆ?

ಹಾಗೆ ಉಳಿದದ್ದೇ ಮುಂದಿನ ತಲೆಮಾರಿನ ಬಂಡವಾಳವಾಯಿತು. 1991ರ ಆರ್ಥಿಕ ಸುಧಾರಣೆಗಳವರೆಗೆ ವಿದೇಶಿ ವಾದ್ಯ ತರಿಸುವುದೆಂದರೆ ಲೈಸೆನ್ಸು, ಭಾರೀ ಸುಂಕ. ಆದ್ದರಿಂದ ಒಂದೇ ಸೆಟ್ಟು ನಾಲ್ಕಾರು ಕೈ ದಾಟುತ್ತಿತ್ತು. ಮುರಿದದ್ದನ್ನು ಲೇತ್ ಅಂಗಡಿಯಲ್ಲಿ ಮಾಡಿಸುತ್ತಿದ್ದರು, ಇಲ್ಲವೇ ಮೀರತ್ತಿನ ಮಾಲನ್ನು ಜೋಡಿಸುತ್ತಿದ್ದರು. ಬ್ರಿಟಿಷ್ ಸೇನೆಯ ಬ್ಯಾಂಡಿನಲ್ಲಿದ್ದ ನಾದಿರ್ ಅಲಿ 1885ರಲ್ಲಿ ಆರಂಭಿಸಿದ ಕಂಪೆನಿಯಿಂದಾಗಿ ಮೀರತ್ತು ಬ್ಯಾಂಡ್ ವಾದ್ಯಗಳ ದೊಡ್ಡ ಕೇಂದ್ರವಾಗಿತ್ತು. ಹೀಗಾಗಿ ಇಲ್ಲಿ ಹಳೆಯ ಸೆಟ್ಟು ಎಂದರೆ ಕಲಬೆರಕೆಯ ಸೆಟ್ಟು ಎಂದೇ ಎಣಿಸಿ ಹೊರಡುವುದು ಕ್ಷೇಮ. ಕಲಬೆರಕೆ ತಪ್ಪಲ್ಲ, ಅಪ್ಪಟದ ಬೆಲೆ ಕೇಳುವುದು ತಪ್ಪು.

ಮೊದಲು ಬೇಸ್ ಡ್ರಮ್ ನೋಡಿ. ಅಗಲ ಹೆಚ್ಚಿದ್ದು ಆಳ ಕಡಿಮೆಯಿದ್ದರೆ, ಪಕ್ಕದಲ್ಲಿ ಪಟ್ಟಿ ಸಿಕ್ಕಿಸುವ ಕೊಂಡಿಯಿದ್ದರೆ, ಅದು ಮೆರವಣಿಗೆಯ ಡ್ರಮ್. ಅದಕ್ಕೆ ಕಾಲು ಹಚ್ಚಿ ಸೆಟ್ಟಿಗೆ ಸೇರಿಸಿರುತ್ತಾರೆ. ಸೇನೆ ಕಂಡೆಮ್ ಮಾಡಿದ ಸಾಮಾನು ಹರಾಜಿನಲ್ಲಿ ಗುಜರಿ ಸೇರುವುದು ಹಳೆಯ ಪದ್ಧತಿ. ಕುಳಿತು ಬಾರಿಸುವ ಬೇಸ್ ಡ್ರಮ್ ಸಾಮಾನ್ಯವಾಗಿ 20 ಅಥವಾ 22 ಅಂಗುಲದ್ದು. ಆಮೇಲೆ ಬ್ಯಾಡ್ಜು. ಇಂಗ್ಲೆಂಡಿನ ಪ್ರೀಮಿಯರ್ ಹೆಸರಿದ್ದರೆ ಆಶ್ಚರ್ಯಪಡಬೇಕಿಲ್ಲ. 1922ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ಕಂಪೆನಿ ಸೇನಾ ಬ್ಯಾಂಡುಗಳಿಗೂ ಡ್ರಮ್ ಮಾಡುತ್ತಿತ್ತು. ‘ಒಲಿಂಪಿಕ್’ ಎಂಬುದು ಅದರದೇ ಅಗ್ಗದ ಮಾಲು, ‘ಸೂಪರ್ ಝಿನ್’ ಅದರದೇ ಸಿಂಬಲು. ಬ್ಯಾಡ್ಜು ಕಿತ್ತು ಬೇರೆಡೆ ಅಂಟಿಸಬಹುದಾದ ತಗಡು ಎಂಬುದು ನೆನಪಿರಲಿ. ಅದಕ್ಕಿಂತ ಲಗ್ಗುಗಳನ್ನು, ಅಂದರೆ ತಿರುಪು ಕೂರುವ ಲೋಹದ ಕಟ್ಟುಗಳನ್ನು ನಂಬಿ. ಎಲ್ಲ ಡ್ರಮ್ಮುಗಳಲ್ಲೂ ಅವು ಒಂದೇ ನಮೂನೆಯಾಗಿದ್ದರೆ ಸೆಟ್ಟು ಒಟ್ಟಿಗೆ ಹುಟ್ಟಿದ್ದಿರಬಹುದು.

ಪ್ರೀಮಿಯರಿನಲ್ಲಿ ಒಂದು ತೊಡಕುಂಟು. 1960ರ ದಶಕದ ಕೊನೆಯವರೆಗೆ ಅವರು ಮಾಡಿದ ಕೆಲವು ಟಾಮ್‌ಗಳ ಬಾಯಿ ಇಂದಿನ ಅಳತೆಗಿಂತ ಕೊಂಚ ದೊಡ್ಡದು. ಇಂದಿನ ಪ್ಲಾಸ್ಟಿಕ್ ಹೆಡ್ ಅದಕ್ಕೆ ಕೂರುವುದಿಲ್ಲ. ಆ ಅಳತೆಯ ಹೆಡ್ ಹುಡುಕಿ ತರಿಸುವ ಖರ್ಚು ಡ್ರಮ್ಮಿನ ಬೆಲೆಯನ್ನೇ ಮೀರಬಹುದು. ಆದ್ದರಿಂದ ಹೊಸ ಹೆಡ್ ಒಂದನ್ನು ಜೊತೆಗೇ ಒಯ್ದು ಇಟ್ಟು ನೋಡುವುದು ಜಾಣತನ. 1960ರ ದಶಕದ ಅಗ್ಗದ ಜಪಾನಿ ಸೆಟ್ಟುಗಳು ಸಿಕ್ಕರೆ ಮೂಗು ಮುರಿಯಬೇಡಿ. ಮರ ಮೃದುವಾದರೂ ಕಲಿಯುವವರಿಗೆ ಸಾಕು.

ಹೆಡ್ ಬಿಚ್ಚಿಸದೆ ಕೊಳ್ಳಬಾರದು. ಬಿಚ್ಚಿದ ಡ್ರಮ್ಮನ್ನು ಗ್ರಾನೈಟ್ ಕಲ್ಲಿನ ಮೇಲೆ ಕವುಚಿ, ಒಳಗೆ ಟಾರ್ಚ್ ಬಿಟ್ಟರೆ ಅಂಚಿನ ಕೆಳಗಿಂದ ಬೆಳಕು ಸೋರುವುದು ಕಾಣುತ್ತದೆ. ಅಡ್ಡಕ್ಕೂ ಉದ್ದಕ್ಕೂ ಟೇಪು ಹಿಡಿಯಿರಿ. ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮರದ ಒಡಲು ಸೊಟ್ಟಗಾಗಿದೆ, ಶ್ರುತಿ ನಿಲ್ಲುವುದಿಲ್ಲ. ತುಕ್ಕು, ಮಾಸಿದ ಕ್ರೋಮ್, ಗೀರುಗಳು ದೋಷವಲ್ಲ; ಅವುಗಳ ಹೆಸರು ಹೇಳಿ ಚೌಕಾಸಿ ಮಾಡಿ. ಪದರ ಬಿಟ್ಟ ಪ್ಲೈವುಡ್, ಹೊಸದಾಗಿ ಕೊರೆದ ತೂತುಗಳು ನಿಜವಾದ ದೋಷ. ಹೆಡ್, ತಿರುಪು, ಪೆಡಲ್, ಸ್ಟ್ಯಾಂಡುಗಳ ಖರ್ಚು ಕೂಡಿಸಿದಾಗ ಹೊಸ ಸಾಧಾರಣ ಸೆಟ್ಟಿನ ಬೆಲೆ ಮುಟ್ಟಿದರೆ ಕೈಬಿಡುವುದೇ ವಾಸಿ, ಬ್ಯಾಡ್ಜಿನಲ್ಲಿ ಯಾರ ಹೆಸರಿದ್ದರೂ ಸರಿಯೇ.

ಒಂದು ಮಾತಿನಲ್ಲಿ ಮಾತ್ರ ಅವಸರ ಮಾಡಬೇಕಾಗುತ್ತದೆ. ಸೆಟ್ಟಿನ ಟಾಮ್ ಇಂದಿರಾನಗರದ ಯಾವುದೋ ಕೆಫೆಯ ಅಲಂಕಾರಕ್ಕೆ, ಸಿಂಬಲು ಕಂಚಿನ ತೂಕಕ್ಕೆ ಹೋದರೆ ಉಳಿದದ್ದನ್ನು ಕೂಡಿಸುವವರಿಲ್ಲ. ಸಿಂಬಲನ್ನು ತಕ್ಕಡಿಗೆ ಹಾಕುವ ಮುನ್ನ ತಿರುಗಿಸಿ ನೋಡಲು ಹೇಳಿ. ಅಂಚಿನಲ್ಲಿ ಸೀಳಿಲ್ಲದೆ, ಮಧ್ಯದ ಗುಬ್ಬಿಯ ಬಳಿ ಇಸ್ತಾಂಬುಲ್ ಎಂಬ ಹಳೆಯ ಮುದ್ರೆ ಕಂಡರೆ, ಆ ಒಂದು ತಟ್ಟೆಯ ಬೆಲೆ ಇಡೀ ಸೆಟ್ಟಿಗಿಂತ ಹೆಚ್ಚಿರಬಹುದು.